ಉಪ್ಪು ಕೆಸರಿನಲ್ಲಿ ಅಡಿಗೆ ಮಾಡುವ ಗಿಡ

ಮಾನಖುರ್ದದಿಂದ ವಾಶಿಗೆ ಹೋಗುವ ಲೋಕಲ್ ಗಾಡಿಯು ಠಾಣೆಯ ಖಾಡಿಯನ್ನು ದಾಟುವಾಗ ದಡಗಳುದ್ದಕ್ಕೂ ದಟ್ಟವಾದ ಹಸಿರು ಪೊದೆಗಳು ಕಾಣಸಿಗುತ್ತವೆ. ಮರಾಠಿಯಲ್ಲಿ ಇವಕ್ಕೆ ತಿವರ ಎಂದು ಹೆಸರು. ಕುಂದಾಪುರ, ಕುಮಟೆಗಳ ಕಡೆಯಿಂದ ಬಂದವರಿಗೆ ಇವು ಊರಿನ ಹೊಳೆಯಂಚಿನ ಕಾಂಡ್ಲಾ ಗಿಡಗಳ ಬಳಗವೇ. ಕಾಲಿಟ್ಟರೆ ಹೂತುಹೋಗುವ ಉಪ್ಪು ಕೆಸರಿನಲ್ಲಿ ಇವು ಏನನ್ನುಂಡು ಬದುಕುತ್ತವೆ?

ಗಿಡವು ಮಣ್ಣನ್ನು ತಿಂದು ಬೆಳೆಯುತ್ತದೆಂಬ ನಂಬಿಕೆ ಬಹು ಹಳೆಯದು. 17ನೆಯ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿಯು 200 ಪೌಂಡು ಒಣಮಣ್ಣು ತುಂಬಿದ ಕುಂಡದಲ್ಲಿ ವಿಲೋ ಸಸಿಯೊಂದನ್ನು ನೆಟ್ಟು, 5 ವರ್ಷ ಬರಿಯ ನೀರೆರೆದನು. ಗಿಡದ ತೂಕ 164 ಪೌಂಡು ಹೆಚ್ಚಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸು! ಎಲ್ಲವೂ ನೀರಿನಿಂದಲೇ ಬಂದಿತೆಂದು ಅವನು ಬಗೆದದ್ದು ಅರ್ಧಸತ್ಯ. ಉಳಿದರ್ಧವು ಗಾಳಿಯಲ್ಲಿತ್ತು. ಎಲೆಯೊಳಗಿನ ಪತ್ರಹರಿತ್ತು ಬಿಸಿಲಿನ ಶಕ್ತಿಯನ್ನು ಹೀರುತ್ತದೆ. ಆ ಶಕ್ತಿಯಿಂದ ಗಾಳಿಯ ಇಂಗಾಲದ ಡೈಆಕ್ಸೈಡೂ ಬೇರು ತಂದ ನೀರೂ ಕೂಡಿ ಸಕ್ಕರೆಯಾಗುತ್ತದೆ, ಆಮ್ಲಜನಕವು ಹೊರಬೀಳುತ್ತದೆ. ಮಣ್ಣು ಕೊಡುವ ಸಾರಜನಕ, ರಂಜಕಾದಿ ಲವಣಗಳು ಅಡಿಗೆಯ ಉಪ್ಪಿನಂತೆ, ಅಲ್ಪವಾದರೂ ಅನಿವಾರ್ಯ.

ಖಾಡಿಯ ಗಿಡಕ್ಕಾದರೋ ಉಪ್ಪಿನದೇ ಕಾಟ. ಮುಂಬಯಿಯಲ್ಲಿ ಹೆಚ್ಚಾಗಿ ಬೆಳೆಯುವ ಅವಿಸೀನಿಯ ಮರೀನ ಎಂಬ ಜಾತಿಯ ಬೇರು ಸಮುದ್ರಜಲದ ಉಪ್ಪಿನ ಬಹುಪಾಲನ್ನು ಹೊರಗೇ ತಡೆಯುತ್ತದೆ. ತಪ್ಪಿಸಿಕೊಂಡು ಒಳಹೊಕ್ಕದ್ದನ್ನು ಎಲೆಗಳ ಸೂಕ್ಷ್ಮಗ್ರಂಥಿಗಳು ಹೊರಸೂಸುತ್ತವೆ. ಒಣಹವೆಯಲ್ಲಿ ಎಲೆಯ ಮೇಲೆ ಬಿಳಿಯ ಹರಳುಗಳಾಗಿ ಕಾಣುವುದು ಇದೇ.

ಇದಕ್ಕಿಂತ ದೊಡ್ಡ ಸಂಕಟ ಉಸಿರಿನದು. ಎಲೆ ಬೇಯಿಸಿಕೊಟ್ಟ ಸಕ್ಕರೆಯನ್ನು ಅರಗಿಸಿಕೊಳ್ಳಲು ನಮ್ಮ ಜೀವಕೋಶಗಳಂತೆಯೇ ಬೇರಿಗೂ ಆಮ್ಲಜನಕ ಬೇಕು. ನೀರುಂಡ ಕೆಸರಿನಲ್ಲಿ ಗಾಳಿ ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ಇದರ ಕೆಲವು ಬೇರುಗಳು ನೆಲದಿಂದ ಪೆನ್ಸಿಲುಗಳಂತೆ ನೆಟ್ಟಗೆ ಮೇಲೆದ್ದು, ಇಳಿತದ ವೇಳೆಯಲ್ಲಿ ಮೈಮೇಲಿನ ರಂಧ್ರಗಳಿಂದ ಗಾಳಿಯನ್ನೆಳೆದು ಕೆಳಗಿನ ಬೇರುಗಳಿಗೆ ಒದಗಿಸುತ್ತವೆ.

ಇಂತಹ ಗಿಡವನ್ನು ಕೊಲ್ಲಲು ಕೊಡಲಿ ಬೇಕಾಗಿಲ್ಲ. ಕಟ್ಟಡಗಳ ಕಲ್ಲುಮಣ್ಣನ್ನು ಲಾರಿಗಳಲ್ಲಿ ತಂದು ಖಾಡಿಯಂಚಿಗೆ ಸುರಿದರೆ ಉಸಿರುಬೇರುಗಳು ಹೂತುಹೋಗುತ್ತವೆ. ಉಬ್ಬರದ ನೀರು ಹೋಗಿಬರುವ ದಾರಿ ಮುಚ್ಚಿದರೆ, ಒಳಗುಳಿದ ನೀರು ಅವುಗಳನ್ನು ಹಗಲಿರುಳು ಮುಳುಗಿಸಿಡುತ್ತದೆ. ಸೊಳ್ಳೆಗಳಿಗೂ ಅದು ತವರು. ಎಲೆಗಳ ಮೇಲೆ ಬಿಸಿಲು ಯಥೇಚ್ಛವಾಗಿ ಬೀಳುತ್ತಿದ್ದರೂ ಬೇರು ಉಸಿರುಕಟ್ಟಿ ಸತ್ತ ಮೇಲೆ ನೀರು ಏರುವುದಿಲ್ಲ, ಅಡಿಗೆ ನಡೆಯುವುದಿಲ್ಲ. ಉದುರಿದ ಎಲೆಗಳು ಕೊಳೆತು ಸಿಗಡಿ, ಏಡಿಗಳ ಆಹಾರವಾಗುತ್ತಿದ್ದುದೂ, ಅದರಿಂದ ಕೋಳಿವಾಡೆಗಳ ಬಲೆ ತುಂಬುತ್ತಿದ್ದುದೂ ಅಲ್ಲಿಗೆ ಮುಗಿಯಿತು.

ಮುಂಬಯಿ ಉಚ್ಚ ನ್ಯಾಯಾಲಯವು 2018ರ ತೀರ್ಪಿನಲ್ಲಿ ಈ ಕಾಡುಗಳ ನಾಶವನ್ನೂ, ಅವುಗಳಲ್ಲಿ ಮತ್ತು ಸುತ್ತಣ 50 ಮೀಟರಿನೊಳಗೆ ಇಂತಹ ಕಸ ಸುರಿಯುವುದನ್ನೂ ನಿಷೇಧಿಸಿದೆ. ಆದರೂ ಮನೆಯ ದುರಸ್ತಿ ಮಾಡಿಸುವಾಗ, ಒಡೆದ ಟೈಲ್ಸು ಇಟ್ಟಿಗೆಗಳ ಚೀಲಗಳು ಎಲ್ಲಿಗೆ ಹೋಗುತ್ತವೆಂದು ಗುತ್ತಿಗೆದಾರನನ್ನು ಕೇಳುವವರು ವಿರಳ.