ತಲೆಕೆಳಗಾಗಿ ನೇತಾಡಿದರೆ ಬೆನ್ನುನೋವು ಹೋಗುತ್ತದೆಯೇ?

ಪಾದದ ಗಂಟಿಗೆ ಕೊಕ್ಕೆಯಿರುವ ಬೂಟು ಬಿಗಿದು, ಮೇಲಿನ ಸರಳಿಗೆ ಸಿಕ್ಕಿಸಿ ಬಾವಲಿಯಂತೆ ನೇತಾಡಿದರೆ ಜಾರಿದ ಡಿಸ್ಕ್ ಸರಿಹೋಗುತ್ತದೆಯೇ? ಬೆನ್ನುನೋವಿನಿಂದ ಬೇಸತ್ತವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಆಸೆ ಮಾತ್ರ ಬಹಳ ಹಳೆಯದು. ಪ್ರಾಚೀನ ಗ್ರೀಸಿನಲ್ಲಿ ಗೂನುಬೆನ್ನಿನವರನ್ನು ಏಣಿಗೆ ಕಟ್ಟಿ, ತಲೆಕೆಳಗು ಮಾಡಿ, ಎತ್ತರದಿಂದ ಕುಕ್ಕುತ್ತಿದ್ದರು. ಹಿಪೊಕ್ರೆಟಿಸ್‌ನ ಗ್ರಂಥವೇ ಆ ವಿಧಾನವನ್ನು ವರ್ಣಿಸಿ, ಹೆಚ್ಚಾಗಿ ಜನರನ್ನು ಬೆರಗುಗೊಳಿಸಲು ಬಯಸುವವರೇ ಹೀಗೆ ಮಾಡುವುದು, ತನಗಂತೂ ಹಾಗೆ ಮಾಡಲು ನಾಚಿಕೆ ಎನ್ನುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಕ್ಯಾಲಿಫೋರ್ನಿಯಾದ ವೈದ್ಯ ರಾಬರ್ಟ್ ಮಾರ್ಟಿನ್ ಈ ಬೂಟುಗಳನ್ನು ಪ್ರಚಾರಕ್ಕೆ ತಂದರು. 1980ರಲ್ಲಿ ‘ಅಮೆರಿಕನ್ ಜಿಗೊಲೊ’ ಚಿತ್ರದಲ್ಲಿ ರಿಚರ್ಡ್ ಗೇರ್ ಅವುಗಳಲ್ಲಿ ನೇತಾಡಿದ ಮೇಲೆ ಅಮೆರಿಕದಲ್ಲಿ ಅದು ಗೀಳಾಯಿತು.

ಡಿಸ್ಕ್ ಎಂದರೇನೆಂದು ತಿಳಿಯಲು ಹೋಳಿಗೆ ಮಾಡುವುದನ್ನು ನೆನೆಯಿರಿ. ಹೊರಗೆ ಜಿಗುಟಾದ ಕಣಕ, ಒಳಗೆ ಮೆತ್ತನೆಯ ಹೂರಣ. ತಟ್ಟುವಾಗ ಒಂದೇ ಕಡೆ ಹೆಚ್ಚು ಒತ್ತಿದರೆ ಕಣಕ ತೆಳುವಾಗಿ, ಹರಿದು, ಹೂರಣ ಇಣುಕುತ್ತದೆ. ಡಿಸ್ಕಿನಲ್ಲೂ ಹೊರಗೆ ನಾರಿನ ಪದರಗಳಿವೆ, ಒಳಗೆ ನೀರು ತುಂಬಿದ ತಿರುಳಿದೆ. ನಾರು ಹರಿದು ತಿರುಳು ಹೊರಬಂದು ನರಕ್ಕೆ ತಾಗಿದಾಗ ಸೊಂಟದಿಂದ ಕಾಲಿನವರೆಗೆ ನೋವು ಹರಿಯುತ್ತದೆ. ಈಗ ಆ ಹೋಳಿಗೆಯನ್ನು ಎರಡೂ ಕಡೆ ಹಿಡಿದು ಎಳೆಯಿರಿ. ಒಳಗಿನ ಒತ್ತಡ ತಗ್ಗೀತು, ಆದರೆ ಹೊರಬಂದ ಹೂರಣ ಒಳಗೆ ಹೋಗಿ ಕಣಕ ಮತ್ತೆ ಕೂಡಿಕೊಳ್ಳುವುದಿಲ್ಲ. ತಲೆಕೆಳಗಾದಾಗ ಸೊಂಟದ ಡಿಸ್ಕುಗಳನ್ನು ದೇಹದ ಅರ್ಧಕ್ಕಿಂತ ತುಸು ಹೆಚ್ಚು ತೂಕ ಎಳೆಯುತ್ತದೆ, ಬೆನ್ನುಮೂಳೆಗಳ ನಡುವಿನ ಅಂತರ ಕೊಂಚ ಹಿಗ್ಗುತ್ತದೆ. ಇದು ನಿಜ. ಹಾಯೆನಿಸುವುದೂ ಸುಳ್ಳಲ್ಲ. ಆದರೆ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕಿಗೇ ಸೂಜಿ ಇಳಿಸಿ ಒತ್ತಡ ಅಳೆದಾಗ, ನಿಂತಾಗಿನ ಒತ್ತಡ ಸುಮ್ಮನೆ ಅಂಗಾತ ಮಲಗಿದರೇ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿದಿತ್ತು. ಅಷ್ಟು ಬಿಡುವು ಕೊಡಲು ಒಂದು ಚಾಪೆ ಸಾಕು.

ಭಾರ ಇಳಿದರೆ ಬೆನ್ನು ಗುಣವಾಗುತ್ತದೆ ಎಂಬ ನಂಬಿಕೆಗೆ ಅತಿ ದೊಡ್ಡ ಪರೀಕ್ಷೆ ನಡೆದಿರುವುದು ಬಾಹ್ಯಾಕಾಶದಲ್ಲಿ. ಅಲ್ಲಿ ಬೆನ್ನಿನ ಮೇಲೆ ಭಾರವೇ ಇಲ್ಲ, ಗಗನಯಾತ್ರಿಗಳು 5 ಸೆಂಟಿಮೀಟರ್‌ವರೆಗೂ ಉದ್ದವಾಗುತ್ತಾರೆ. ಆದರೂ ಮೊದಲ ದಿನಗಳಲ್ಲಿ ಅವರಲ್ಲಿ ಅರ್ಧದಷ್ಟು ಮಂದಿಗೆ ಬೆನ್ನು ನೋಯುತ್ತದೆ. ಭೂಮಿಗೆ ಮರಳಿದ ಮೇಲೆ ಡಿಸ್ಕ್ ಜಾರುವ ಅಪಾಯವೂ ಅವರಿಗೆ ಹೆಚ್ಚು. ಅವರು ತಿಂಗಳುಗಟ್ಟಲೆ ಇರುತ್ತಾರೆ, ನಾವು ನೇತಾಡುವುದು ಐದು ನಿಮಿಷ ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪೋಣ. ಆದರೆ ಐದು ನಿಮಿಷದಲ್ಲಿ ಸಿಕ್ಕ ಅಂತರವೂ ಎದ್ದು ಓಡಾಡಿದ ಸ್ವಲ್ಪ ಹೊತ್ತಿಗೇ ಮುಚ್ಚಿಹೋಗುತ್ತದೆ. ಬೆಳಗಿನ ಎತ್ತರ ಸಂಜೆಗೆ ಒಂದೆರಡು ಸೆಂಟಿಮೀಟರ್ ಕುಗ್ಗುವುದೂ ಇದೇ ಕಾರಣಕ್ಕೆ.

ಬೂಟಿನ ಪರವಾಗಿ ಮಾತಾಡುವವರು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವನ್ನು ಮುಂದಿಡುತ್ತಾರೆ. ತಲೆಕೆಳಗಿನ ಚಿಕಿತ್ಸೆ ಪಡೆದವರಲ್ಲಿ ಶೇ 77 ಮಂದಿಗೆ ಶಸ್ತ್ರಚಿಕಿತ್ಸೆ ತಪ್ಪಿತು, ಉಳಿದವರಲ್ಲಿ ಶೇ 22 ಮಂದಿಗೆ ಮಾತ್ರ. ಆಸೆ ಹುಟ್ಟಿಸುವ ಅಂಕಿ. ಆದರೆ ಎರಡೂ ಗುಂಪು ಸೇರಿ ಅಲ್ಲಿದ್ದ ರೋಗಿಗಳು 30ಕ್ಕಿಂತ ಕಡಿಮೆ. ಅವರನ್ನು ನೇತುಹಾಕಿದ್ದು ಬೂಟಿನಲ್ಲಲ್ಲ, ವಾಲುವ ಮೇಜಿನ ಮೇಲೆ. ಬೆನ್ನೆಳೆಯುವ ಟ್ರಾಕ್ಷನ್ ಚಿಕಿತ್ಸೆಯ 32 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ಸಮೀಕ್ಷೆ 2013ರಲ್ಲಿ ಹೇಳಿದ್ದು, ಅದರಿಂದ ಪ್ರಯೋಜನ ಅತ್ಯಲ್ಪ ಅಥವಾ ಏನೂ ಇಲ್ಲ ಎಂದು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಬಹುಕಾಲದ ಸೊಂಟನೋವಿಗೆ ಟ್ರಾಕ್ಷನ್ ಬೇಡ ಎಂದಿತು.

ನಮ್ಮಲ್ಲಿ ಶೀರ್ಷಾಸನ ಇಲ್ಲವೇ ಎನ್ನಬಹುದು. ಶೀರ್ಷಾಸನ ಬೆನ್ನನ್ನು ಎಳೆಯುವುದೇ ಇಲ್ಲ. ಅಲ್ಲಿ ಕಾಲುಗಳ ಭಾರ ಸೊಂಟದ ಮೇಲೆ, ಇಡೀ ದೇಹದ ಭಾರ ಕತ್ತು, ತೋಳುಗಳ ಮೇಲೆ ಕೂರುತ್ತದೆ. ಎರಡಕ್ಕೂ ಸಮಾನವಾದ ಅಪಾಯ ಕಣ್ಣಿನದು. 2006ರಲ್ಲಿ ಪ್ರಕಟವಾದ ಚೆನ್ನೈನ ಶಂಕರ ನೇತ್ರಾಲಯದ ಅಧ್ಯಯನದಲ್ಲಿ, ಶೀರ್ಷಾಸನ ಹಾಕಿದ 75 ಯೋಗಾಭ್ಯಾಸಿಗಳ ಕಣ್ಣಿನೊತ್ತಡ ಸುಮಾರು ಎರಡು ಪಟ್ಟಾಯಿತು. ಬೂಟಿನಲ್ಲಿ ನೇತಾಡಿದವರಲ್ಲೂ ಕಣ್ಣಿನೊತ್ತಡ, ರಕ್ತದೊತ್ತಡ ಏರಿದ್ದನ್ನು ಅಮೆರಿಕದ ವೈದ್ಯರು 1980ರ ದಶಕದಲ್ಲೇ ಅಳೆದಿದ್ದರು. ಗ್ಲಾಕೋಮಾ, ಬಿಪಿ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಇದರ ಹತ್ತಿರ ಹೋಗಬಾರದು. ಕೊಕ್ಕೆ ಜಾರಿದರೆ ನೆಲಕ್ಕೆ ಮೊದಲು ತಾಗುವುದು ತಲೆ ಎಂಬುದೂ ನೆನಪಿರಲಿ.

ಕಾಲಿನ ಶಕ್ತಿ ಕುಂದಿದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಉಳಿದ ಬಹುಪಾಲು ಬೆನ್ನುನೋವು ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ, ಹೊರಬಂದ ತಿರುಳನ್ನು ಎಷ್ಟೋ ಸಲ ದೇಹವೇ ಕರಗಿಸುತ್ತದೆ. ನೋವು ಮರುಕಳಿಸದಂತೆ ಮಾಡುವುದೇ ಮುಖ್ಯ. ಆಸ್ಟ್ರೇಲಿಯಾದಲ್ಲಿ 701 ಮಂದಿಯ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರ ಸಲಹೆಯೊಂದಿಗೆ ನಿಯಮಿತವಾಗಿ ನಡೆದವರಲ್ಲಿ ಅರ್ಧದಷ್ಟು ಮಂದಿಗೆ ನೋವು ಮರಳಲು 208 ದಿನ ಹಿಡಿಯಿತು, ಇನ್ನೊಂದು ಗುಂಪಿನಲ್ಲಿ 112 ದಿನ. ಬೂಟು ಕೊಳ್ಳಲು ಹೊರಟವರು ನಡೆಯಲು ಒಂದು ಜೊತೆ ಒಳ್ಳೆಯ ಚಪ್ಪಲಿ ಕೊಳ್ಳಲಿ.