ಚಕ್ರದ ಗುಂಬದ ಬಿಗಿದ ಟೋಪಿಯನ್ನು ತೆಗೆಯುವ ಕ್ರಮ

ಮರದ ಚಕ್ರದ ಗಾಡಿಯಲ್ಲಿ ಕಡಾಣಿಯನ್ನು ಕಿತ್ತು, ಚಕ್ರವನ್ನು ಅಚ್ಚಿನ ತುದಿಗೆ ಸರಿಸಿ, ಕೀಲೆಣ್ಣೆಯನ್ನು ಹಾಕುವುದು ಬೇಸಾಯಗಾರನಿಗೆ ತಲೆತಲಾಂತರದಿಂದ ತಿಳಿದ ಕೆಲಸ. ಗಾಳಿ ತುಂಬಿದ ಟೈರಿಗೆ ಜಾನ್ ಬಾಯ್ಡ್ ಡನ್ಲಪ್ ಎಂಬಾತನು 1888ರಲ್ಲಿ ಪೇಟೆಂಟು ಪಡೆದನು. ಟೈರಿನ ಎತ್ತಿನ ಗಾಡಿಗೆ ಡನ್ಲಪ್ ಗಾಡಿಯೆಂಬ ಹೆಸರು ಬಂದುದು ಇದರಿಂದಲೇ. ಇಂಥ ಗಾಡಿ, ಟ್ರಾಕ್ಟರಿನ ಟ್ರೇಲರು ಮತ್ತು ಲಾರಿಗಳಲ್ಲಿ ಬೇರಿಂಗುಗಳು ಗುಂಬದೊಳಗೆ ಅಡಗಿದ್ದು, ಅವುಗಳ ಮೇಲೆ ಲೋಹದ ಟೋಪಿಯೊಂದು ಬಿಗಿದಿರುವುದು. ಗ್ರೀಸು ಹೊರಗೆ ಹೋಗದಂತೆಯೂ, ಧೂಳು ನೀರುಗಳು ಒಳಗೆ ಬಾರದಂತೆಯೂ ಕಾಯುವುದೇ ಇದರ ಉದ್ದೇಶ.

ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯಂಥ ಬೆಟ್ಟದ ಮಗ್ಗುಲಿನ ಸೀಮೆಯಲ್ಲಿ ಬೇಸಗೆಯ ಧೂಳೂ ಮಳೆಗಾಲದ ಕೆಸರೂ ಈ ಟೋಪಿಯ ಅಂಚಿನಲ್ಲಿ ಸೇರಿ ತುಕ್ಕು ಹಿಡಿಸುವುವು. ಟೋಪಿ ಬಾರದೆಂದು ರೈತನು ವರ್ಷಗಟ್ಟಲೆ ಹಾಗೆಯೇ ಬಿಟ್ಟಲ್ಲಿ ಗ್ರೀಸು ಒಣಗಿ, ಬೇರಿಂಗು ಕಾದು ಒಡೆಯುವುದು. ಭಾರ ಹೊತ್ತ ಟ್ರೇಲರಿನ ಚಕ್ರವು ಇಳಿಜಾರಿನಲ್ಲಿ ಕಳಚಿಕೊಂಡರೆ ನಷ್ಟವಾಗುವುದು ಫಸಲು ಮಾತ್ರವಲ್ಲ, ಮೇಲೆ ಕುಳಿತ ಕೂಲಿಯವರ ಪ್ರಾಣವೂ ಹೋಗಬಹುದು.

ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಸ್ಥಳವನ್ನು ಆಕ್ರಮಿಸುವುದು. ಆದ್ದರಿಂದ ಅದು ಸಂದಿಯಲ್ಲಿ ಬೆಣೆಯಂತೆ ನಿಲ್ಲುವುದು. ಈ ಬೆಣೆಯನ್ನು ಸಡಿಲಿಸುವುದೇ ಉಪಾಯ; ಒಂದೇ ಕಡೆ ಬಲವಾಗಿ ಹೊಡೆದರೆ ಟೋಪಿ ಸೊಟ್ಟಗಾಗಿ ಇನ್ನಷ್ಟು ಕಚ್ಚಿಕೊಳ್ಳುವುದು.

ಮೊದಲು ಭಾರವನ್ನು ಇಳಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿನಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿಯನ್ನು ಇಡತಕ್ಕದ್ದು. ಜಾಕನ್ನೊಂದೇ ನಂಬಬಾರದು. ಅನಂತರ ತಂತಿಯ ಬ್ರಷ್ಷಿನಿಂದ ಅಂಚಿನ ಮಣ್ಣನ್ನು ಉಜ್ಜಿ ತೆಗೆದು, ಸೀಮೆಎಣ್ಣೆ ಅಥವಾ ಡೀಸೆಲಿಗೆ ಸ್ವಲ್ಪ ಇಂಜಿನ್ ಆಯಿಲು ಬೆರೆಸಿ ಸಂದಿಗೆ ಬಿಟ್ಟು, ಒಂದು ರಾತ್ರಿ ನೆನೆಯಲು ಬಿಡಬೇಕು. ಮುಂದಿನ ಕೆಲಸವು ಟೋಪಿಯ ಜಾತಿಯನ್ನು ಅನುಸರಿಸುವುದು.

ಒತ್ತಿ ಕೂಡಿಸಿದ ಟೋಪಿ: ಮರದ ಕೊಡತಿಯಿಂದ ಇದರ ಪಕ್ಕಗಳಿಗೆ ಸುತ್ತಲೂ ಮೆಲ್ಲನೆ ತಟ್ಟಬೇಕು. ಈ ಅದುರಿನಿಂದ ತುಕ್ಕು ಬಿಡುವುದು. ಬಳಿಕ ಮೊಂಡಾದ ಉಳಿಯನ್ನು ಅಂಚಿನ ಸಂದಿಗೆ ಕೊಟ್ಟು, ಒಮ್ಮೆ ಇತ್ತ ಒಮ್ಮೆ ಎದುರು ಬದಿಗೆ, ಕೂದಲೆಳೆಯಷ್ಟು ಮೀಟುತ್ತ ಬಂದರೆ ಟೋಪಿ ನೇರವಾಗಿ ಹೊರಬರುವುದು.

ಮರೆಯಿರುವ ಟೋಪಿ: ಇದಕ್ಕೆ ಪಟ್ಟಿಗೆ ಸರಿಯಾಗಿ ಕೂಡುವ ದೊಡ್ಡ ಸ್ಪ್ಯಾನರು ಬೇಕು. ಸಾಧಾರಣವಾಗಿ ಎಡಕ್ಕೆ ತಿರುಗಿಸಿದರೆ ಬಿಚ್ಚುವುದು. ಆದರೆ ಕೆಲವು ವಾಹನಗಳ ಎಡಬದಿಯ ಚಕ್ರಗಳಲ್ಲಿ ತಿರುಗುಮುರುಗಾದ ಮರೆಯುಂಟು. ಅದನ್ನು ವಿಚಾರಿಸದೆ ಸ್ಪ್ಯಾನರಿಗೆ ಕೊಳವೆ ತೊಡಿಸಿ ಬಲ ಹಾಕಬಾರದು. ಬಿಗಿಯಾದುದನ್ನು ಮೊದಲು ಕೊಂಚ ಬಿಗಿಸಿ ಆಮೇಲೆ ಸಡಿಲಿಸುವುದರಿಂದಲೂ ತುಕ್ಕು ಮುರಿಯುವುದುಂಟು.

ಬೋಲ್ಟಿನ ಟೋಪಿ: ಬೋಲ್ಟುಗಳನ್ನೆಲ್ಲ ತೆಗೆದ ಮೇಲೂ ಇದು ಬಾರದಿದ್ದರೆ ಅಂಚಿನಲ್ಲಿ ಮರೆ ಕೊರೆದ ಖಾಲಿ ರಂಧ್ರಗಳಿವೆಯೇ ಎಂದು ನೋಡಬೇಕು. ಇದ್ದಲ್ಲಿ, ಅವುಗಳಿಗೆ ತಕ್ಕ ಬೋಲ್ಟುಗಳನ್ನು ಸರಿಸಮವಾಗಿ ತಿರುಗಿಸುತ್ತ ಹೋದರೆ ಅವೇ ಟೋಪಿಯನ್ನು ಹೊರದೂಡುವುವು.

ಬೆಂಕಿಯಿಂದ ಕಾಯಿಸುವುದು ಸರ್ವಥಾ ಕೂಡದು. ಗ್ರೀಸು ಹತ್ತಿಕೊಳ್ಳುವುದಲ್ಲದೆ, ಕಾದ ಟೈರು ಸಿಡಿದು ಎದುರಿಗಿದ್ದವರನ್ನು ಕೊಲ್ಲಬಲ್ಲದು. ಸುತ್ತಿಗೆಯಿಂದ ಉಳಿಯನ್ನು ಹೊಡೆಯುವಾಗ ಚೂರು ಹಾರುವುದರಿಂದ ಕಣ್ಣಿಗೆ ಕನ್ನಡಕವಿರಬೇಕು.

ಟೋಪಿ ಬಂದ ಮೇಲೆ ಗ್ರೀಸನ್ನು ಪರೀಕ್ಷಿಸತಕ್ಕದ್ದು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಬೆರಳಿಗೆ ಮರಳಿನಂತೆ ಹತ್ತಿದರೆ ಧೂಳು ಸೇರಿದೆ. ನೀಲಿ ಬಣ್ಣಕ್ಕೆ ತಿರುಗಿದ ಬೇರಿಂಗು ಕಾದು ಕೆಟ್ಟುದಾದ್ದರಿಂದ ಅದನ್ನು ಬದಲಾಯಿಸಬೇಕು. ಉಳಿದುದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಚೆನ್ನಾಗಿ ಆರಿಸಿ, ಹೊಸ ಗ್ರೀಸು ತುಂಬಬೇಕು. ಟೋಪಿಯ ಕೂರುವ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ತೆಳ್ಳಗೆ ಗ್ರೀಸು ಸವರಿ, ಮರದ ತುಂಡನ್ನು ಅಡ್ಡವಿಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂಡಿಸಬೇಕು. ನಡುವೆ ತಗ್ಗು ಬಿದ್ದ ಅಥವಾ ಅಂಚು ಸೊಟ್ಟಗಾದ ಟೋಪಿಯನ್ನು ಮತ್ತೆ ಹಾಕಬಾರದು. ಈ ಗ್ರೀಸಿನ ಲೇಪವೇ ಮುಂದಿನ ವರ್ಷದ ಶ್ರಮವನ್ನು ಉಳಿಸುವುದು.

ಬಾಡಿಗೆಯ ಟ್ರೇಲರು ಹಲವರ ಕೈ ಸೇರುವುದರಿಂದ ಅದರ ಗುಂಬವನ್ನು ನೋಡುವವರು ಯಾರೂ ಇರುವುದಿಲ್ಲ. ಗ್ರಾಮದ ಮುಖಂಡರೂ ಭೂಮಾಲೀಕರೂ ಕೂಡಿ ಒಂದು ಜಾಕು, ಕೊಡತಿ, ಮೊಂಡ ಉಳಿ, ದೊಡ್ಡ ಸ್ಪ್ಯಾನರು ಮತ್ತು ಗ್ರೀಸಿನ ಡಬ್ಬಿಯನ್ನು ಊರಿಗೆ ಸಾಮಾನ್ಯವಾಗಿ ಇಟ್ಟು, ಮಳೆ ಕಳೆದು ಸುಗ್ಗಿ ತೊಡಗುವ ಮುನ್ನ ಪ್ರತಿಯೊಂದು ಚಕ್ರವನ್ನೂ ಬಿಚ್ಚಿ ನೋಡುವ ಏರ್ಪಾಡು ಮಾಡಿದಲ್ಲಿ, ಅರ್ಧ ದಿನದ ಕೆಲಸದಿಂದ ವರ್ಷದ ಫಸಲೂ ಜನರ ಪ್ರಾಣವೂ ಕ್ಷೇಮವಾಗಿರುವುವು.