ಹುಬ್ಬಳ್ಳಿ–ಬೆಂಗಳೂರು ವಿಮಾನ: ಆಕಾಶದಾಗ ಒಂದು ತಾಸು, ಮನೆಯಿಂದ ಚಿಕ್ಕಪೇಟೆಗೆ ಐದು ತಾಸು

ಹುಬ್ಬಳ್ಳಿ: 'ಬೆಂಗಳೂರಿಗೆ ವಿಮಾನದಾಗ ಒಂದು ತಾಸಷ್ಟ' ಅಂತ ದುರ್ಗದಬೈಲಿನಲ್ಲಿ ಯಾರನ್ನ ಕೇಳಿದರೂ ಹೇಳ್ತಾರೆ. ಮಾತು ಸುಳ್ಳಲ್ಲ. ಆದರೆ ಬೆಳಿಗ್ಗೆ ಹೋಗಿ ಚಿಕ್ಕಪೇಟೆಯಲ್ಲಿ ಮಾಲು ನೋಡಿ ರಾತ್ರಿಯೊಳಗೆ ಮನೆ ಸೇರೋಣ ಅನ್ನೋ ವ್ಯಾಪಾರಸ್ಥರು ಆ ಒಂದು ತಾಸನ್ನೇ ನಂಬಿದರೆ ದಿನದ ಲೆಕ್ಕ ತಪ್ಪುತ್ತದೆ.

ಮೊದಲು ದೂರ. ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 370 ಕಿ.ಮೀ. ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಹಿಡಿದು ಹೆದ್ದಾರಿಯಲ್ಲಿ ಹೋದರೆ 400 ದಾಟುತ್ತದೆ. ರೈಲು ಅರಸೀಕೆರೆ ಮೇಲೆ ಹೋಗೋದರಿಂದ 469 ಕಿ.ಮೀ.

ತಾಸಿಗೆ 800 ಕಿ.ಮೀ. ಓಡೋ ಜೆಟ್ ವಿಮಾನಕ್ಕೆ 370 ಕಿ.ಮೀ. ಅರ್ಧ ತಾಸಿನ ದಾರಿ. ಹಂಗಿದ್ದರೂ ಟಿಕೆಟ್ ಮೇಲೆ ಒಂದು ತಾಸು, ಕೆಲವೊಮ್ಮೆ ಇನ್ನೂ ಹತ್ತು ನಿಮಿಷ ಜಾಸ್ತಿ ಯಾಕೆ? ಟಿಕೆಟ್ ಸಮಯ ಹಾರಾಟದ್ದಷ್ಟೇ ಅಲ್ಲ. ವಿಮಾನ ನಿಂತ ಜಾಗ ಬಿಟ್ಟಾಗಿಂದ ಆ ಕಡೆ ಹೋಗಿ ನಿಲ್ಲೋವರೆಗೂ ಲೆಕ್ಕ. ರನ್‌ವೇಗೆ ಹೋಗೋದು, ಮೇಲೇರೋದು, ಸರದಿ ಬಂದ ಮೇಲೆ ಇಳಿಯೋದು ಎಲ್ಲಾ ಅದರಾಗ ಬಂತು. ಪೂರ್ತಿ ವೇಗದಲ್ಲಿ ಹಾರೋದು ನಡುವೆ ಸ್ವಲ್ಪ ಹೊತ್ತು ಮಾತ್ರ. ಅದಕ್ಕೇ ಪಂಖಾ ಇರೋ ಸಣ್ಣ ಎಟಿಆರ್ ವಿಮಾನಕ್ಕೂ ದೊಡ್ಡ ಜೆಟ್‌ಗೂ ಈ ದಾರಿಯಲ್ಲಿ ಭಾರೀ ಫರಕು ಬೀಳೋದಿಲ್ಲ.

ಈಗ ಮನೆಯಿಂದ ಲೆಕ್ಕ ಹಾಕಿ. ಹುಬ್ಬಳ್ಳಿ ಪೇಟೆಯಿಂದ ನಿಲ್ದಾಣಕ್ಕೆ ಅರ್ಧ ತಾಸು. ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲೇ ಬಂದ್ ಆಗೋದರಿಂದ ಒಂದೂವರೆ ತಾಸು ಮುಂಚೆ ಅಲ್ಲಿರಬೇಕು. ಇಳಿದ ಮೇಲೆ ಬ್ಯಾಗಿಗೆ ಕಾಯೋದು, ಹೊರಗೆ ಬರೋದು 20–25 ನಿಮಿಷ. ದೇವನಹಳ್ಳಿಯಿಂದ ಚಿಕ್ಕಪೇಟೆಗೆ ಒಂದೂವರೆ ತಾಸು ಇಟ್ಟುಕೊಳ್ಳಿ, ಹೆಬ್ಬಾಳದ ಟ್ರಾಫಿಕ್ ದೇವರಿಗೇ ಬಿಟ್ಟಿದ್ದು. ಒಟ್ಟು ಐದು ತಾಸು. ಧಾರವಾಡದವರು ಇನ್ನೂ ಅರ್ಧ ತಾಸು ಸೇರಿಸಬೇಕು. ಸಂಜೆ ವಾಪಸಿಗೂ ಹೆಚ್ಚುಕಮ್ಮಿ ಇದೇ ಕಥೆ.

2023ರ ಜೂನ್‌ನಲ್ಲಿ ಶುರುವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ಹುಬ್ಬಳ್ಳಿಯಿಂದ ಸುಮಾರು ಆರು ತಾಸಿಗೆ ಮೆಜೆಸ್ಟಿಕ್ ಹತ್ತಿರವೇ ಇಳಿಸುತ್ತದೆ. ಅಲ್ಲಿಂದ ಚಿಕ್ಕಪೇಟೆ ಮೆಟ್ರೋದಲ್ಲಿ ಮುಂದಿನ ಸ್ಟೇಷನ್. ಅಂದರೆ ವಿಮಾನದಿಂದ ಉಳಿಯೋದು ಒಂದು ತಾಸು. ಆದರೆ ಈ ರೈಲು ಮಧ್ಯಾಹ್ನ ಹೊರಟು ಅಂಗಡಿ ಮುಚ್ಚೋ ಹೊತ್ತಿಗೆ ಮುಟ್ಟುತ್ತದೆ, ಖರೀದಿಗೆ ಹೊಂದೋದಿಲ್ಲ. ರಾಣಿ ಚೆನ್ನಮ್ಮದಂಥ ರಾತ್ರಿ ರೈಲಿಗೆ ಹೋಗಿ ಮರುದಿನ ರಾತ್ರಿ ರೈಲಿಗೇ ವಾಪಸಾದರೆ ಇಡೀ ದಿನ ಪೇಟೆಗೆ ಸಿಗುತ್ತದೆ. ಕೊಂಡ ಮಾಲಿಗೆ 15 ಕೆ.ಜಿ. ಮಿತಿಯ ತಲೆಬಿಸಿಯೂ ಇಲ್ಲ. ಕೆಲಸ ಯಲಹಂಕ, ಹೆಬ್ಬಾಳದ ಕಡೆ ಇದ್ದರೆ ಮಾತು ಬೇರೆ, ಅಲ್ಲಿಗೆ ವಿಮಾನವೇ ಸರಿ.

ನೆಲದ ಮೇಲೆ ಹೋಗೋ ಈ ನಾಲ್ಕು ತಾಸು ಹತ್ತಿರದ ಊರಿಗೂ ಅಷ್ಟೇ, ದೂರದ ಊರಿಗೂ ಹೆಚ್ಚುಕಮ್ಮಿ ಅಷ್ಟೇ. ದಿಲ್ಲಿ ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 1,480 ಕಿ.ಮೀ. ರೈಲಿನಲ್ಲಿ ಒಂದು ದಿನ ದಾಟುತ್ತದೆ. ನೇರ ವಿಮಾನ ಸಿಕ್ಕರೆ ಹಾರಾಟ ಎರಡೂವರೆ ತಾಸಿನ ಆಸುಪಾಸು. ಅದಕ್ಕೆ ನಾಲ್ಕು ತಾಸು ಕೂಡಿಸಿದರೂ ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ದಿಲ್ಲಿ ಪೇಟೆಯಲ್ಲಿರ್ತಾರೆ.